ಕೊಟ್ಟಿಗೆಯ ಕನ್ನಡ, ಗಿರಣಿಯ ಮರಾಠಿ

ನಾನು ಕಂಪ್ಯೂಟರಿನಲ್ಲಿ ಮಾಸ್ಟರ್ ಡಿಗ್ರಿ ಮಾಡಬೇಕೆಂದು ನಿರ್ಧರಿಸಿದವಳು ನಾನಲ್ಲ, ನನ್ನ ಅತ್ತೆ. ಅದೂ ರಾಯಬಾಗದ ಒಂದು ಮದುವೆಯಲ್ಲಿ, ಊಟದ ಪಂಕ್ತಿಯಲ್ಲಿ ಕೂತು, ಬೂಂದಿ ಎರಡನೆಯ ಸಲ ಬರುವ ಹೊತ್ತಿಗೆ.

ಎದುರು ಸಾಲಿನಲ್ಲಿ ಅತ್ತೆಯ ನೆಗೆಣ್ಣಿ ಕೂತಿದ್ದರು. ತಮ್ಮ ಸೊಸೆ ಎಂ.ಎ. ಮುಗಿಸಿ ಬಿ.ಎಡ್. ಸೇರಿದ್ದಾಳೆಂಬ ಸುದ್ದಿಯನ್ನು ಅವರು ಚಪಾತಿಯ ಜೊತೆಗೊಮ್ಮೆ, ಬದನೆಕಾಯಿಯ ಜೊತೆಗೊಮ್ಮೆ ಬಡಿಸಿದ್ದರು. ಅತ್ತೆ ಎರಡನ್ನೂ ನುಂಗಿಕೊಂಡರು. ಬೂಂದಿ ಬಂದಾಗ ನೆಗೆಣ್ಣಿ ಕೇಳಿದರು: "ನಿಮ್ಮ ಸೊಸಿ ಏನ ಮಾಡತಾಳ್ರೀ ಈಗ? ಮನ್ಯಾಗ ಇರತಾಳೇನು?"

ಅತ್ತೆ ಎಲೆಯಿಂದ ಮುಖ ಎತ್ತಲಿಲ್ಲ. "ಅಕಿ ಕಂಪ್ಯೂಟರ್‌ದಾಗ ಮಾಸ್ಟರ್ ಮಾಡಾಕತ್ತಾಳ. ದಿನಾ ಚಿಕ್ಕೋಡಿಗಿ ಹೋಗಿ ಬರತಾಳ."

ಎರಡು ಎಲೆ ಆಚೆ ಕೂತಿದ್ದ ನನಗೆ ಹಪ್ಪಳ ಗಂಟಲಲ್ಲಿ ಸಿಕ್ಕಿಕೊಂಡಿತು. ಅಲ್ಲಿಯವರೆಗೆ ನಾನು ಚಿಕ್ಕೋಡಿಗೆ ಹೋಗುತ್ತಿದ್ದದ್ದು ಸೀರೆಯ ಅಂಗಡಿಗೆ ಮತ್ತು ಹಲ್ಲಿನ ಡಾಕ್ಟರರ ಹತ್ತಿರ ಮಾತ್ರ. ಮದುವೆಗೆ ಮುಂಚೆ ಅಥಣಿಯಲ್ಲಿ ಬಿ.ಸಿ.ಎ. ಮುಗಿಸಿದ್ದೆ, ಅಷ್ಟೇ. ಆ ಸರ್ಟಿಫಿಕೇಟು ಸದಲಗಾದ ಗಂಡನ ಮನೆಯಲ್ಲಿ, ಟ್ರಂಕಿನ ತಳದಲ್ಲಿ, ರೇಷ್ಮೆ ಸೀರೆಗಳ ಕೆಳಗೆ ನುಸಿಗುಳಿಗೆಯ ವಾಸನೆ ಕುಡಿಯುತ್ತ ಮಲಗಿತ್ತು.

ಊರಿಗೆ ಮರಳುವ ಬಸ್ಸಿನಲ್ಲಿ ಕೇಳಿದೆ: "ಅತ್ತೀ, ಯಾಕ್ರಿ ಹಂಗ ಸುಳ್ಳ ಹೇಳಿದ್ರಿ?"

"ಸುಳ್ಳ ಹೆಂಗ ಆಗತೈತಿ? ಮಾಡಾಕತ್ತಾಳ ಅಂದೀನಿ. ಮುಗಿಸ್ಯಾಳ ಅಂದೀನೇನು?" ಸೆರಗಿನಿಂದ ಬಾಯಿ ಒರೆಸಿಕೊಂಡು ಕಿಟಕಿಯ ಹೊರಗೆ ನೋಡಿದರು. "ಲಗೂನ ಚಾಲೂ ಮಾಡು. ಶ್ರಾವಣದಾಗ ಅಕಿ ನಮ್ಮ ಮನಿಗಿ ಬರಾಕಿ ಅದಾಳ."

ಗಂಡ ಒಳ್ಳೆಯವನು, ಮಾತು ಕಡಿಮೆ. ಕಬ್ಬಿನ ಗದ್ದೆಗೆ ನೀರು ಬಿಟ್ಟು ಬಂದು ಕಾಲು ತೊಳೆಯುತ್ತ ಇಡೀ ಕತೆ ಕೇಳಿದ. "ಅವ್ವ ಹೇಳ್ಯಾಳ ಅಂದಮ್ಯಾಲ ಮುಗೀತ. ಮಾಡಿಬಿಡು," ಅಂದ. ಅಕ್ಕಿ ತೊಳೆದಿಡು ಅಂದಷ್ಟೇ ಸಲೀಸಾಗಿ.

ಸೇರುವುದಕ್ಕೆ ಮುಂಚೆ ಪ್ರವೇಶ ಪರೀಕ್ಷೆ ಬರೆಯಬೇಕು ಎಂದಾಗ ಅತ್ತೆಗೆ ಸಿಟ್ಟು ಬಂದಿತು. "ಪರೀಕ್ಷಾ ಬರಿಯಾಕೂ ಒಂದ ಪರೀಕ್ಷಾ ಏನ?" ಆದರೂ ಆ ದಿನಗಳಲ್ಲಿ ನನ್ನನ್ನು ಕೊಟ್ಟಿಗೆಯ ಹತ್ತಿರ ಬಿಡಲಿಲ್ಲ. ಸೆಗಣಿ, ಹಿಂಡಿ, ಹಾಲು ಎಲ್ಲ ತಾವೇ ನೋಡಿಕೊಂಡರು. ನಾನು ಪುಸ್ತಕದ ಮುಂದೆ ತೂಕಡಿಸಿದರೆ ಒಳಗಿನಿಂದ ಪಾತ್ರೆ ಸದ್ದು ಮಾಡುತ್ತಿದ್ದರು. ಹಾಗೆ ಸುಳ್ಳಿನ ಬೆನ್ನು ಹತ್ತಿ ನಾನು ಎಂ.ಸಿ.ಎ. ಸೇರಿದೆ. ಶ್ರಾವಣದಲ್ಲಿ ನೆಗೆಣ್ಣಿ ಬಂದಾಗ ನಾನು ಮನೆಯಲ್ಲಿರಲಿಲ್ಲ, ಕಾಲೇಜಿನಲ್ಲಿದ್ದೆ. ಅತ್ತೆ ಅವರನ್ನು ಸಂಜೆಯ ಬಸ್ಸು ಬರುವವರೆಗೂ ಹಿಡಿದು ಕೂಡಿಸಿಕೊಂಡು, ನಾನು ಬೆನ್ನಿಗೆ ಬ್ಯಾಗು ಹಾಕಿಕೊಂಡು ಇಳಿಯುವುದನ್ನು ಕಣ್ಣಾರೆ ತೋರಿಸಿಯೇ ಕಳಿಸಿದರು.

ತರಗತಿಯಲ್ಲಿ ನಾನೇ ಹಿರಿಯಳು. ಕೊರಳಲ್ಲಿ ತಾಳಿ, ಕಾಲಲ್ಲಿ ಕಾಲುಂಗುರ, ಡಬ್ಬಿಯಲ್ಲಿ ಹತ್ತು ಜನಕ್ಕಾಗುವಷ್ಟು ಜೋಳದ ಭಕ್ಕರಿ. ಮೊದಲ ವಾರ ಎಲ್ಲರೂ 'ಮೇಡಂ' ಎಂದು ಎದ್ದು ನಿಂತರು. ಭಕ್ಕರಿ ಮತ್ತು ಶೇಂಗಾ ಚಟ್ನಿಯ ರುಚಿ ಗೊತ್ತಾದ ಮೇಲೆ 'ವೈನಿ' ಎಂದು ಕರೆಯತೊಡಗಿದರು. ಅಣ್ಣನ ಹೆಂಡತಿಗೆ ನಮ್ಮ ಕಡೆ ಹಾಗೆ ಅನ್ನುತ್ತಾರೆ. ಎರಡನೆಯ ಸೆಮಿಸ್ಟರಿನ ಹೊತ್ತಿಗೆ ಮುಂದೆ ನನ್ನ ಪ್ರಾಜೆಕ್ಟಿಗೆ ಗೈಡ್ ಆದ ಸರ್ ಕೂಡ ಹಾಜರಿ ಕರೆಯುವಾಗ ಬಾಯಿ ತಪ್ಪಿ "ವೈನಿ" ಅಂದುಬಿಟ್ಟರು. ನಾನು "ಎಸ್ ಸರ್" ಅಂದೆ. ಆಮೇಲೆ ಅದೇ ಖಾಯಂ ಆಯಿತು.

ಈ ಗೈಡ್ ಸರ್ ನಿಪ್ಪಾಣಿಯವರು. ಲೆಕ್ಕ ಮಾಡುವುದು ಮರಾಠಿಯಲ್ಲಿ, ಬೈಯುವುದು ಕನ್ನಡದಲ್ಲಿ, ಮೀಟಿಂಗಿನಲ್ಲಿ ಸುಮ್ಮನೆ ಕೂಡುವುದು ಇಂಗ್ಲಿಷಿನಲ್ಲಿ. ಕೊನೆಯ ವರ್ಷದ ಪ್ರಾಜೆಕ್ಟಿಗೆ ವಿಷಯ ಆರಿಸುವ ದಿನ ಎಲ್ಲರೂ ದ್ರಾಕ್ಷಿ ಎಲೆಯ ರೋಗ ಹಿಡಿಯುವ ಆಪು, ಕಬ್ಬಿನ ಇಳುವರಿ ಹೇಳುವ ಆಪು ಎಂದು ಸಾಲಾಗಿ ನಿಂತಿದ್ದರು. ಸರ್ ತಲೆ ಮೇಲೆ ಕೈ ಇಟ್ಟುಕೊಂಡು ಕೂತಿದ್ದರು. ನನ್ನ ಸರದಿ ಬಂದಾಗ ಹೇಳಿದೆ: "ಸರ್, ಮಾತ ಕೇಳಿ ಇದು ಕನ್ನಡೋ ಮರಾಠಿಯೋ ಅಂತ ಹೇಳೂ ಮಶಿನ್ ಮಾಡ್ತೀನ್ರಿ."

ಸರ್ ಕೈ ಕೆಳಗಿಳಿಸಿದರು. "ನಮ್ಮ ಮಂದಿ ಮಾತ ಕೇಳಿ? ನಮಗಽ ತಿಳಿಯೂದಿಲ್ಲ, ಮಶಿನಿಗೆ ತಿಳೀತದೇನ್ರಿ?"

"ಕಲಿಸಿದ್ರ ಕಲೀತದ್ರಿ."

"ಮಾಡ್ರಿ. ಆದ್ರ ವೈನಿ, ಗಡಿ ವಿಷಯ. ಯಾರಿಗೂ ಸಿಟ್ಟ ಬರಲಾರದಂಗ ಮಾಡ್ರಿ."

ಯಾರಿಗೆ ಸಿಟ್ಟು ಬರಬಹುದು ಎಂದು ನಾನು ಯೋಚಿಸಿದ್ದೆ. ನಮ್ಮ ಮನೆಯಲ್ಲೇ ಬರುತ್ತದೆ ಎಂದು ಮಾತ್ರ ಯೋಚಿಸಿರಲಿಲ್ಲ.

ಕೆಲಸ ಹೇಳುವುದಕ್ಕೆ ಸರಳ. ಜನ ಮಾತಾಡುವುದನ್ನು ಫೋನಿನಲ್ಲಿ ರೆಕಾರ್ಡ್ ಮಾಡಬೇಕು. ಒಂದೊಂದು ಮಾತಿನ ತುಣುಕಿಗೂ ಇದು ಕನ್ನಡ, ಇದು ಮರಾಠಿ ಎಂದು ಗುರುತು ಹಾಕಿ ಯಂತ್ರಕ್ಕೆ ಕೊಡಬೇಕು. ಸಾಕಷ್ಟು ಕೇಳಿದ ಮೇಲೆ, ಹೊಸ ಮಾತು ಬಂದರೂ ಅದು ತಾನಾಗಿ ಗುರುತಿಸಲು ಕಲಿಯುತ್ತದೆ. ಮಾತಿಗೆ ನಾನು ದೂರ ಹೋಗಬೇಕಾಗಿರಲಿಲ್ಲ. ನಮ್ಮ ಮನೆಯ ಹಿಂದೆ ಅತ್ತೆಯ ಎಮ್ಮೆಗಳ ಕೊಟ್ಟಿಗೆ. ಎದುರಿಗೆ, ಓಣಿ ದಾಟಿದರೆ, ಕಾಕುವಿನ ಹಿಟ್ಟಿನ ಗಿರಣಿ. ಕಾಕು ಎಂದರೆ ಮರಾಠಿಯಲ್ಲಿ ಚಿಕ್ಕಮ್ಮ, ಆದರೆ ಅವರು ನಮ್ಮ ಸಂಬಂಧಿಕರಲ್ಲ. ಅತ್ತೆ ಹಾರೂಗೇರಿಯಿಂದ ಸೊಸೆಯಾಗಿ ಬಂದ ಕಾಲಕ್ಕೇ ಕೊಲ್ಹಾಪುರದ ಕಡೆಯಿಂದ ಎದುರು ಮನೆಗೆ ಸೊಸೆಯಾಗಿ ಬಂದವರು. ಅಂದಿನಿಂದ ಇಬ್ಬರೂ ಮಧ್ಯಾಹ್ನ ಒಂದೇ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿದವರು, ಒಂದೇ ತಟ್ಟೆಯಲ್ಲಿ ಚಹಾ ಆರಿಸಿ ಕುಡಿದವರು.

ಕೊಟ್ಟಿಗೆಗೆ ಬೆಳಿಗ್ಗೆ ಸಂಜೆ ಹಾಲಿಗೆಂದು ಹೆಂಗಸರು ಬರುತ್ತಿದ್ದರು. ಅವರಲ್ಲಿ ಹೆಚ್ಚಿನವರು ಕನ್ನಡದವರು. ಗಿರಣಿಗೆ ಬೀಸಿಸಲು ಬರುವವರಲ್ಲಿ ಹೆಚ್ಚಿನವರು ಮರಾಠಿಯವರು. ನಾನು ಎಲ್ಲರನ್ನೂ ಕೇಳಿ, ಒಪ್ಪಿಗೆ ಪಡೆದೇ ಫೋನು ಇಟ್ಟೆ. ಮೊದಲ ದಿನ ಎಲ್ಲರೂ ರೇಡಿಯೋದಲ್ಲಿ ವಾರ್ತೆ ಓದುವವರಂತೆ ಗಂಟಲು ಸರಿಮಾಡಿಕೊಂಡು ಮಾತಾಡಿದರು. "ನಾವು ಸುಖವಾಗಿದ್ದೇವೆ. ಹಾಲು ಚೆನ್ನಾಗಿದೆ," ಎಂದು ಒಬ್ಬಾಕೆ ಹೇಳಿದಾಗ ಎಮ್ಮೆಯೇ ತಿರುಗಿ ನೋಡಿತು. ಎರಡನೆಯ ದಿನ ಫೋನಿದೆ ಎಂಬುದನ್ನು ಮರೆತರು. ಮೂರನೆಯ ದಿನ ಒಬ್ಬಾಕೆ ತನ್ನ ನಾದಿನಿಯನ್ನು ಚೆನ್ನಾಗಿ ಬೈದು, ಆಮೇಲೆ ಹೆದರಿ, "ಅದನ್ನ ಅಳಿಸಬೇ ತಂಗಿ," ಅಂದರು. ಅಳಿಸಿದೆ. ಮರುದಿನ ಬಂದು, "ಅಳಿಸಿದಿ ಹೌದಲ್ಲ? ಹಂಗಾರ ಇನ್ನೊಂದ ಸಲ ಹೇಳತೀನಿ, ನಿನ್ನಿ ಅರ್ಧಾ ಉಳದಿತ್ತು," ಎಂದು ಕೂತರು.

ಇನ್ನು ಗುರುತು ಹಾಕುವ ಕೆಲಸ. ಒಬ್ಬರೇ ಹಾಕಿದರೆ ನಂಬಿಕೆಯಿಲ್ಲ, ಇಬ್ಬರು ಬೇರೆ ಬೇರೆ ಕೂತು, ಒಬ್ಬರನ್ನೊಬ್ಬರು ಕೇಳದೆ ಹಾಕಬೇಕು ಎಂದು ಸರ್ ಹೇಳಿದ್ದರು. ಇಬ್ಬರು ಸಿದ್ಧವಾಗಿಯೇ ಇದ್ದರು. ಅತ್ತೆಯನ್ನು ಪಡಸಾಲೆಯಲ್ಲಿ ಕೂಡಿಸಿ ಒಂದೊಂದೇ ತುಣುಕು ಕೇಳಿಸಿದೆ.

"ಲಗೂ ಬಾ, ಚಹಾ ಆರತೈತಿ."

"ಕನ್ನಡ," ಅಂದರು ಅತ್ತೆ.

"ಖರೇ ಸಾಂಗ್, ಮಾಝಿ ಶಪಥ್." ನಿಜ ಹೇಳು, ನನ್ನಾಣೆ, ಎಂದು.

"ಕನ್ನಡ."

"ಅತ್ತೀ, ಅದು ಮರಾಠೀರಿ."

"ನನಗ ತಿಳೀತಿಲ್ಲೋ? ತಿಳದಮ್ಯಾಲ ಅದು ಮರಾಠಿ ಹೆಂಗ ಆಗತೈತಿ? ಖರೇ ಅನ್ನೂದು ನಮ್ಮ ಹಾರೂಗೇರಿ ಮಾತು. ನಮ್ಮಜ್ಜಿ ಅಂತಿದ್ಲು."

ವಾದ ಮಾಡಬಾರದು ಎಂಬುದು ನಿಯಮ. ಸುಮ್ಮನೆ ಬರೆದುಕೊಂಡೆ. ನಂತರ ಓಣಿ ದಾಟಿ ಕಾಕುವಿನ ಮನೆಗೆ ಹೋದೆ. ಅದೇ ತುಣುಕುಗಳನ್ನು ಕೇಳಿಸಿದೆ. "ಲಗೂ ಬಾ, ಚಹಾ ಆರತೈತಿ" ಕೇಳಿ ಕಾಕು ನಕ್ಕರು. "ಹೆ ಮರಾಠೀಚ ಆಹೆ ಗ. ಲಗೂ ಮರಾಠಿ, ಚಹಾ ಮರಾಠಿ. ಉಳದದ್ದೇನೈತಿ ಅದರಾಗ?" ಹೀಗೆ ಕೊನೆಯವರೆಗೂ ನಡೆಯಿತು. ಕಾಕುವಿಗೆ ತಿಳಿದದ್ದೆಲ್ಲ ಮರಾಠಿ, ಅತ್ತೆಗೆ ತಿಳಿದದ್ದೆಲ್ಲ ಕನ್ನಡ, ಮತ್ತು ಇಬ್ಬರಿಗೂ ಎಲ್ಲವೂ ತಿಳಿಯುತ್ತಿತ್ತು.

ನಾನು ಬಾಯಿ ಮುಚ್ಚಿಕೊಂಡಿದ್ದರೆ ಒಳ್ಳೆಯದಿತ್ತು. ಆದರೆ ರಾತ್ರಿ ಊಟಕ್ಕೆ ಬಡಿಸುವಾಗ ನಗು ತಡೆಯಲಾಗದೆ ಗಂಡನಿಗೆ ಹೇಳಿದೆ. ಅತ್ತೆ ಕೇಳಿಸಿಕೊಂಡರು. ಮರುದಿನ ಮಧ್ಯಾಹ್ನ ಕಟ್ಟೆಯ ಮೇಲೆ ಶೇಂಗಾದ ಬುಟ್ಟಿ ಮಧ್ಯೆ ಇಟ್ಟುಕೊಂಡು ಅತ್ತೆ ಶುರುಮಾಡಿದರು: "ಯಾಕ ಬೇ, ನಾ ಆಡೂದು ಮರಾಠಿ ಅಂದೀಯಂತ?"

"ಮಗ ಕಾಯ? ನೀ ಇಲ್ಲಿಗಿ ಬಂದಾಗ ಒಂದ ಮಾತ ಮರಾಠಿ ಬರತಿದ್ದಿಲ್ಲ. ಮೀಚ ಶಿಕವಲಂ ತುಲಾ," ಅಂದರು ಕಾಕು. ಮತ್ತೇನು, ನಾನೇ ನಿನಗೆ ಕಲಿಸಿದ್ದು, ಎಂದು.

"ನೀ ನನಗ ಕಲಿಸಿದಿ? ಇಷ್ಟ ವರ್ಷ ನಾ ನಿನಗ ಕನ್ನಡ ಕಲಿಸೇನಿ ಅಂತ ತಿಳದೀನಿ!"

ಇದು ನನಗೂ ಹೊಸ ಸುದ್ದಿ. ಇಷ್ಟು ವರ್ಷ ಅತ್ತೆ ತಾವು ಕನ್ನಡ ಆಡುತ್ತಿದ್ದೇವೆಂದೂ, ಪಾಪ, ಎದುರು ಮನೆಯವಳು ಕಲಿತುಕೊಂಡು ಉತ್ತರ ಕೊಡುತ್ತಿದ್ದಾಳೆಂದೂ ತಿಳಿದಿದ್ದರು. ಕಾಕು ಇದನ್ನೇ ತಿರುವಿ ಹಾಕಿ ತಿಳಿದಿದ್ದರು. ಶೇಂಗಾದ ಬುಟ್ಟಿ ಅರ್ಧ ಸುಲಿದದ್ದು ಅಲ್ಲೇ ಉಳಿಯಿತು. ಇಬ್ಬರೂ ಎದ್ದು ತಮ್ಮ ತಮ್ಮ ಮನೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಮರುದಿನದಿಂದ ಕಾಕು ಅಂಗಡಿಯ ಪ್ಯಾಕೆಟ್ ಹಾಲು ತರಿಸತೊಡಗಿದರು, ಅದೂ ನಮ್ಮ ಬಾಗಿಲ ಮುಂದಿನಿಂದ ಪ್ಯಾಕೆಟು ಕಾಣುವ ಹಾಗೆ ಹಿಡಿದುಕೊಂಡು. ಅತ್ತೆ ನಮ್ಮ ಜೋಳವನ್ನು ಬಸ್ ಸ್ಟ್ಯಾಂಡಿನ ಹತ್ತಿರದ ಗಿರಣಿಗೆ ಕಳಿಸಿದರು. ಕಳಿಸಿದರು ಎಂದರೆ ನನ್ನ ತಲೆಯ ಮೇಲೆ. ಒಂದು ಕೈಯಲ್ಲಿ ಕಾಲೇಜಿನ ಬ್ಯಾಗು, ತಲೆಯ ಮೇಲೆ ಹಿಟ್ಟಿನ ಡಬ್ಬಿ ಹೊತ್ತು ನಡೆಯುವಾಗ, ಇಂಥ ವಿಷಯ ಬಿಟ್ಟು ದ್ರಾಕ್ಷಿ ಎಲೆ ಆರಿಸಿಕೊಂಡಿದ್ದರೆ ಎಷ್ಟು ಚೆನ್ನಾಗಿತ್ತು ಅನಿಸಿತು.

ಇಬ್ಬರೂ ಹಾಕಿದ ಗುರುತುಗಳು ಕೆಲಸಕ್ಕೆ ಬಾರದಂತಾದವು. ದಿನ ಕಡಿಮೆ ಇದ್ದವು. ನಾನು ಒಂದು ಸುಲಭದ ದಾರಿ ಹುಡುಕಿದೆ. ಕೊಟ್ಟಿಗೆಯಲ್ಲಿ ಹಿಡಿದ ಮಾತಿಗೆಲ್ಲ ಕನ್ನಡ, ಗಿರಣಿಯಲ್ಲಿ ಹಿಡಿದದ್ದಕ್ಕೆಲ್ಲ ಮರಾಠಿ. ಹೇಗೂ ಹೆಚ್ಚು ಕಡಿಮೆ ಹಾಗೇ ಇತ್ತಲ್ಲ. ಒಂದೇ ಮಧ್ಯಾಹ್ನದಲ್ಲಿ ಕೆಲಸ ಮುಗಿಯಿತು.

ಯಂತ್ರ ಕಲಿಯಿತು. ಎಷ್ಟು ಚೆನ್ನಾಗಿ ಕಲಿಯಿತೆಂದರೆ, ಬೇರೆ ತೆಗೆದಿಟ್ಟಿದ್ದ ತುಣುಕುಗಳನ್ನು ಕೇಳಿಸಿದಾಗ ಒಂದೂ ತಪ್ಪಲಿಲ್ಲ. ಗೈಡ್ ಸರ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. ಪಕ್ಕದ ಕೋಣೆಯ ಲೆಕ್ಚರರುಗಳನ್ನು ಕರೆದು ತೋರಿಸಿದರು. "ನಮ್ಮ ವೈನಿ ಮಾಡ್ಯಾರ," ಎಂದು ಹೇಳುವಾಗ ಅವರ ಧ್ವನಿ ಮದುಮಗಳ ತಂದೆಯದಾಗಿತ್ತು. ನಾನೂ ಸಂಕೋಚದಿಂದ ಸೆರಗು ಸರಿಮಾಡಿಕೊಂಡೆ.

ಆ ಹೆಮ್ಮೆ ಮುಂದಿನ ಬೆಳಗಿನ ಹಾಲು ಕರೆಯುವವರೆಗೆ ಬಾಳಿತು. ಅತ್ತೆಗೆ ಸೊಂಟ ಹಿಡಿದಿತ್ತೆಂದು ನಾನೇ ಕೊಟ್ಟಿಗೆಗೆ ಹೋಗಿದ್ದೆ. ಯಂತ್ರವನ್ನು ಫೋನಿಗೆ ಹಾಕಿಕೊಂಡಿದ್ದೆ, ಅದನ್ನು ಮೇವು ಹಾಕುವ ಗ್ವಾದಲಿಯ ಅಂಚಿನ ಮೇಲೆ ಇಟ್ಟು ತಂಬಿಗೆ ಹಿಡಿದು ಕೂತೆ. ಎಮ್ಮೆ ಕರುವಿಗೆಂದು ಕತ್ತು ಚಾಚಿ ಉದ್ದಕ್ಕೆ ಒದರಿತು. ಫೋನಿನ ಪರದೆ ಬೆಳಗಿತು. ಕನ್ನಡ.

ತಂಬಿಗೆ ಕೆಳಗಿಟ್ಟೆ. ಯಾರೂ ಮಾತಾಡಿರಲಿಲ್ಲ. ಎಮ್ಮೆ ಮತ್ತೊಮ್ಮೆ ಒದರಿತು. ಕನ್ನಡ. ಪಕ್ಕದ ಕರು ಸಣ್ಣಗೆ ಕೂಗಿತು. ಅದೂ ಕನ್ನಡ. ನಾನು ಹಾಲು ಬಿಟ್ಟು ಫೋನು ಹಿಡಿದು ಓಣಿ ದಾಟಿ ಓಡಿದೆ. ಕಾಕು ಆಗಷ್ಟೇ ಗಿರಣಿ ಚಾಲೂ ಮಾಡಿದ್ದರು, ಒಳಗೆ ಇನ್ನೂ ಗಿರಾಕಿ ಇರಲಿಲ್ಲ. ಬಾಗಿಲಲ್ಲಿ ನಿಂತು ಫೋನು ಚಾಚಿದೆ. ಮೋಟರು ಗರಗರ ಅನ್ನುತ್ತಿತ್ತು. ಮರಾಠಿ.

"ಕಾಯ ಝಾಲಂ ಗ ಪೋರಿ?" ಎಂದು ಕಾಕು ಕೇಳಿದರು, ಸೆಗಣಿ ಮೆತ್ತಿದ ನನ್ನ ಕಾಲು ನೋಡುತ್ತ.

"ಏನಿಲ್ರಿ ಕಾಕು," ಎಂದು ವಾಪಸು ಬಂದೆ. ಯಂತ್ರ ಇಷ್ಟು ದಿನ ಯಾವ ಹೆಂಗಸಿನ ಒಂದು ಮಾತನ್ನೂ ಕಿವಿಗೆ ಹಾಕಿಕೊಂಡಿರಲಿಲ್ಲ. ಹಿಂದಿನಿಂದ ಎಮ್ಮೆ ಕೇಳಿಸಿದರೆ ಕನ್ನಡ, ಮೋಟರು ಕೇಳಿಸಿದರೆ ಮರಾಠಿ. ಅದಕ್ಕೆ ಇಷ್ಟು ಸುಲಭದ ದಾರಿ ಸಿಕ್ಕಿರುವಾಗ ಅದು ಕಷ್ಟ ಯಾಕೆ ಪಡುತ್ತದೆ? ನಾನೇ ಕಷ್ಟಪಟ್ಟಿರಲಿಲ್ಲ.

ಗೈಡ್ ಸರ್‌ಗೆ ಹೇಳಿದಾಗ ಅವರು ಗೋಡೆಯ ಮೇಲಿನ ಕ್ಯಾಲೆಂಡರು ನೋಡಿದರು. ಮರುದಿನವೇ ಹೊರಗಿನಿಂದ ಒಬ್ಬ ಪ್ರೊಫೆಸರು ಬಂದು ಎಲ್ಲ ಪ್ರಾಜೆಕ್ಟುಗಳ ಮಧ್ಯಂತರ ಪರಿಶೀಲನೆ ಮಾಡುವವರಿದ್ದರು. "ವೈನಿ," ಅಂದರು, "ನಾಳೆ ಒಂದ ದಿನ ಎಮ್ಮಿ ಹೆಸರ ತಗೀಬ್ಯಾಡ್ರಿ. ನಾವು ಹಿಡಿದ ರೆಕಾರ್ಡಿಂಗ್ ಅಷ್ಟ ಕೇಳಸ್ರಿ. ಆಮ್ಯಾಲ ರಿಪೇರಿ ಮಾಡೂಣು."

ಬಂದ ಪ್ರೊಫೆಸರು ಮೈಸೂರು ಕಡೆಯವರು. ಕಾಟನ್ ಸೀರೆ, ಮೆತ್ತನೆಯ ಮಾತು, ಚಹಾಕ್ಕೆ ಸಕ್ಕರೆ ಬೇಡ ಎನ್ನುವಾಗಲೂ ಕವಿತೆ ಓದಿದ ಹಾಗೆ. ನಾನು ಸರ್ ಹೇಳಿದಂತೆ ನಮ್ಮ ರೆಕಾರ್ಡಿಂಗುಗಳ ಫೈಲುಗಳನ್ನೇ ನೇರವಾಗಿ ಯಂತ್ರಕ್ಕೆ ಕೇಳಿಸಿದೆ. ಯಂತ್ರ ಎಲ್ಲವನ್ನೂ ಸರಿಯಾಗಿ ಹೇಳಿತು. ಅವರು ತಲೆದೂಗಿದರು. ಸರ್ ಉಸಿರು ಬಿಡುವಷ್ಟರಲ್ಲಿ ಅವರು ಕೇಳಿದರು: "ನಾನೇ ಒಂದೆರಡು ಮಾತಾಡಿ ನೋಡಲಾ?"

ಬೇಡ ಅನ್ನಲು ನಾವಿಬ್ಬರೂ ಇನ್ನೂ ನೆಪ ಹುಡುಕುತ್ತಿದ್ದೆವು. ಅವರು ಮೈಕಿನ ಹತ್ತಿರ ಬಾಗಿದರು. "ನಿಮ್ಮ ಊರಿನ ಆತಿಥ್ಯ ನನಗೆ ತುಂಬಾ ಹಿಡಿಸಿತು." ನೆತ್ತಿಯ ಮೇಲೆ ಲ್ಯಾಬಿನ ಹಳೆಯ ಫ್ಯಾನು ಗರಗರ ತಿರುಗುತ್ತಿತ್ತು. ಪರದೆಯ ಮೇಲೆ ಬಂದಿತು: ಮರಾಠಿ.

ಅವರು ಕನ್ನಡಕ ಸರಿಮಾಡಿಕೊಂಡರು. "ಇಲ್ಲ, ನಾನು ಕನ್ನಡದಲ್ಲಿ ಮಾತಾಡುತ್ತಿದ್ದೇನೆ." ಮರಾಠಿ. "ನನ್ನ ಮಾತೃಭಾಷೆ ಕನ್ನಡ!" ಮರಾಠಿ, ಈ ಸಲ ಇನ್ನಷ್ಟು ಖಚಿತವಾಗಿ.

ಹಿಂದಿನ ಬೆಂಚಿನಲ್ಲಿ ಯಾರೋ ಮೂಗಿನಿಂದ ನಕ್ಕರು. ಗೈಡ್ ಸರ್ ಒಂದೇ ನೆಗೆತಕ್ಕೆ ಗೋಡೆಯ ಹತ್ತಿರ ಹೋಗಿ ಫ್ಯಾನು ಆರಿಸಿದರು. ಅದು ನಿಧಾನವಾಗಿ ನಿಂತಿತು. "ಈಗ ಮಾತಾಡ್ರಿ ಮೇಡಂ."

"ಫ್ಯಾನಿಗೂ ಭಾಷೆಗೂ ಏನು ಸಂಬಂಧ?" ಎಂದು ಅವರು ಕೇಳಿದರು. ಈ ಸಲ ಯಂತ್ರ ಕನ್ನಡವನ್ನೂ ತೋರಿಸಿತು, ಮರಾಠಿಯನ್ನೂ ತೋರಿಸಿತು, ಮತ್ತೆ ಕನ್ನಡ, ಮತ್ತೆ ಮರಾಠಿ, ದಾರಿ ತಪ್ಪಿದ ಬಸ್ಸಿನ ಬೋರ್ಡಿನಂತೆ.

ಸರ್ ಹಣೆ ಒರೆಸಿಕೊಂಡರು. ನನ್ನ ಕಡೆ ನೋಡಿದರು. ಬಾಯಿ ಬಿಡಬೇಡಿ ಎಂದು ನಿನ್ನೆ ಹೇಳಿದವರು ಅವರೇ. "ವೈನಿ," ಅಂದರು, ಸೋತ ಧ್ವನಿಯಲ್ಲಿ, "ಆ ಎಮ್ಮಿದು ಹಾಕಿಬಿಡ್ರಿ."

ಹಿಂದಿನ ದಿನ ಸರ್‌ಗೆ ಕೇಳಿಸಲೆಂದು ಹಿಡಿದಿಟ್ಟಿದ್ದೆ. ಹಾಕಿದೆ. ಚಿಕ್ಕೋಡಿಯ ಆ ಲ್ಯಾಬಿನ ತುಂಬ ನಮ್ಮ ಎಮ್ಮೆ ಒದರಿತು. ಪರದೆ ಕ್ಷಣವೂ ತಡಮಾಡಲಿಲ್ಲ. ಕನ್ನಡ.

ಮೇಡಂ ಮೊದಲು ಬಾಯಿಗೆ ಕೈ ಹಿಡಿದರು. ಆಮೇಲೆ ಕುರ್ಚಿಯಲ್ಲಿ ಕೂತರು. ಆಮೇಲೆ ನಕ್ಕರು ನೋಡಿ, ಕವಿತೆ ಗಿವಿತೆ ಎಲ್ಲ ಬಿಟ್ಟು, ನಮ್ಮ ಓಣಿಯ ಹೆಂಗಸರ ಹಾಗೆ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ. "ಅಂದರೆ ನನಗಿಂತ ಅದರ ಕನ್ನಡವೇ ಒಳ್ಳೆಯದು," ಅಂದರು. ನಾನು ಎಲ್ಲವನ್ನೂ ಹೇಳಿಬಿಟ್ಟೆ: ಕೊಟ್ಟಿಗೆ, ಗಿರಣಿ, ಒಂದೇ ಮಧ್ಯಾಹ್ನದಲ್ಲಿ ಹಾಕಿದ ಗುರುತು. ಅವರು ಕಣ್ಣು ಒರೆಸಿಕೊಂಡು, "ಬೆಳಿಗ್ಗೆಯಿಂದ ನೋಡಿದ ಎಲ್ಲರ ಪ್ರಾಜೆಕ್ಟುಗಳೂ ಸರಿಯಾಗಿಯೇ ಇವೆ. ಯಾಕೆ ಸರಿಯಾಗಿವೆ ಎಂದು ಯಾರೂ ನೋಡಿಲ್ಲ. ನೀವು ನೋಡಿದ್ದೀರಿ. ಇದನ್ನು ಬರೆಯಿರಿ. ಮತ್ತೆ ಮೊದಲಿನಿಂದ ಮಾಡಿ," ಎಂದರು.

ಮೊದಲಿನಿಂದ ಎಂದರೆ, ಕನ್ನಡದವರನ್ನು ಗಿರಣಿಯಲ್ಲಿ ಮಾತಾಡಿಸಬೇಕು, ಮರಾಠಿಯವರನ್ನು ಕೊಟ್ಟಿಗೆಯಲ್ಲಿ. ಕನ್ನಡದವರು ಬಾಯಿ ಬಿಡುವುದು ಅತ್ತೆಯ ಮುಂದೆ, ಮರಾಠಿಯವರು ಕಾಕುವಿನ ಮುಂದೆ. ಅಂದರೆ ಅತ್ತೆ ಮತ್ತು ಕಾಕು ಜಾಗ ಬದಲಿಸಬೇಕು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ನೇರವಾಗಿ ಕೇಳಿದರೆ ಆಗುವ ಕೆಲಸವಲ್ಲ. ಅತ್ತೆಯ ಕೈಕೆಳಗೆ ಇಷ್ಟು ವರ್ಷ ಬಾಳಿದವಳು, ನಾನೂ ಒಂದಿಷ್ಟು ಕಲಿತಿದ್ದೆ.

ಸಂಜೆ ಚಹಾ ಕೊಡುತ್ತ ಅತ್ತೆಗೆ ಹೇಳಿದೆ: "ಕಾಕು ಅಂತಾರ್ರೀ, ಗಿರಣಿ ನಡಸೂದು ನಿಮ್ಮ ಅತ್ತಿ ಕೈಲೆ ಆಗೂ ಕೆಲಸಲ್ಲ ಅಂತ."

"ಹಂಗಂದ್ಲ?"

"ನಾ ಸುಳ್ಳ ಹೇಳ್ತೀನೇನ್ರಿ? ಮಾಸ್ಟರ್ ಮಾಡಾಕತ್ತಾಕಿ."

ಅಲ್ಲಿಂದ ಎದ್ದು ಓಣಿ ದಾಟಿದೆ. "ಕಾಕು, ಅತ್ತಿ ಅಂದ್ರು, ನಮ್ಮ ಎಮ್ಮಿ ನಿಮ್ಮ ಕೈಗೆ ಒಂದ ಹನಿ ಹಾಲ ಕೊಡೂದಿಲ್ಲಂತ."

ಕಾಕು ತಮ್ಮ ಹಿಟ್ಟು ಹಿಡಿದ ಕೈಗಳನ್ನು ನೋಡಿಕೊಂಡರು. "ಮಾಹೇರಾತ ಆಮಚ್ಯಾ ಮ್ಹಶೀ ಮೀಚ ಪಿಳತ ಹೋತೆ," ಅಂದರು. ತವರಿನಲ್ಲಿ ಎಮ್ಮೆಗಳನ್ನೆಲ್ಲ ಕರೆಯುತ್ತಿದ್ದವಳು ನಾನೇ, ಎಂದು. "ಉದ್ಯಾ ಯೇತೆ." ನಾಳೆ ಬರುತ್ತೇನೆ.

ಮರುದಿನ ಬೆಳಿಗ್ಗೆ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಗಿರಣಿಯಲ್ಲಿ ನಿಂತರು, ಕಾಕು ಬಕೆಟ್ಟು ಹಿಡಿದು ಕೊಟ್ಟಿಗೆಯಲ್ಲಿ ಕೂತರು. ಎರಡೂ ಕಡೆ ಒಂದೊಂದು ಫೋನು. ಹೆಂಗಸರಿಗೆ ನಾನು ಮುಂಚೆಯೇ ಹೇಳಿಟ್ಟಿದ್ದೆ. ಕನ್ನಡದವರು ಗೋಧಿ ಡಬ್ಬಿ ಹೊತ್ತು ಗಿರಣಿಗೆ, ಮರಾಠಿಯವರು ತಂಬಿಗೆ ಹಿಡಿದು ಕೊಟ್ಟಿಗೆಗೆ. ಕಾಕುವಿನ ಕೆಲಸ ಸುಸೂತ್ರವಾಗಿ ನಡೆಯಿತು. ಎಮ್ಮೆಗೆ ಯಾವ ತಕರಾರೂ ಇರಲಿಲ್ಲ. ಗಿರಣಿಯಲ್ಲಿ ಮಾತ್ರ ಅತ್ತೆ ಯಾವುದೋ ಚಕ್ರವನ್ನು ಉಲ್ಟಾ ತಿರುಗಿಸಿದ್ದರು. ಕಲ್ಲುಗಳು ಸಡಿಲವಾಗಿ ಗೋಧಿ ಹಿಟ್ಟಾಗುವ ಬದಲು ರವೆಯಾಗಿ ಉದುರತೊಡಗಿತು. ಒಬ್ಬರದಾದ ಮೇಲೆ ಒಬ್ಬರದು. ಡಬ್ಬಿಯಲ್ಲಿ ಕೈ ಹಾಕಿ ನೋಡಿದ ಹೆಂಗಸರು ಬೈಯಲು ಶುರುಮಾಡಿದರು. ಅಷ್ಟು ಸ್ಪಷ್ಟವಾದ, ತಡವರಿಸದ ಕನ್ನಡ ಅದುವರೆಗೆ ನನಗೆ ಸಿಕ್ಕಿರಲಿಲ್ಲ. ನಾನು ಫೋನನ್ನು ಇನ್ನಷ್ಟು ಹತ್ತಿರ ಹಿಡಿದೆ.

ಮೋಟರಿನ ಸದ್ದು ಬದಲಾದದ್ದು ಓಣಿಯ ಆಚೆ ಕಾಕುವಿನ ಕಿವಿಗೆ ಬಿತ್ತು. ಹಾಲಿನ ಕೈಯಲ್ಲೇ ಓಡಿ ಬಂದರು. "ಅಗ ಬಾಯಿ! ಕಲ್ಲ ಬಿಗಿ ಮಾಡಬೇ, ಬಿಗಿ ಮಾಡು! ಉಲ್ಟಾ ನಕೋ!"

"ಯಾವ ಕಡಿ ಬಿಗಿ? ನೀ ಹೇಳೀಯೇನ ನನಗ ಎಂದಾರ?"

"ತೂ ವಿಚಾರಲಂಸ ಕಧೀ?" ಕೇಳಿದ್ದೀಯಾ ಯಾವಾಗಾದರೂ?

"ಮಾತ ಬಿಟ್ಟಾಕಿನ್ನ ಹೆಂಗ ಕೇಳ್ಲಿ?"

"ಮೀ ಬಿಟ್ಟೇನಿ? ನೀ ಬಿಟ್ಟಿ! ಎಂಟ ದಿನ ಪ್ಯಾಕೆಟ್ ಹಾಲಿನ ಚಹಾ ಕುಡದು ನನ್ನ ಬಾಯಿ ಕೆಟ್ಟ ಹೋಗೇತಿ!"

ಇಬ್ಬರೂ ಕೂಡಿಯೇ ಚಕ್ರ ಹಿಡಿದು ತಿರುಗಿಸಿದರು, ಬೈಯುತ್ತಲೇ. ಕಲ್ಲು ಬಿಗಿಯಾಯಿತು, ಹಿಟ್ಟು ಬಂದಿತು, ಬೈಗುಳ ನಿಲ್ಲಲಿಲ್ಲ. ಎಷ್ಟೋ ದಿನಗಳಿಂದ ಕೂಡಿಟ್ಟುಕೊಂಡದ್ದಲ್ಲವೇ. ಅಂದು ನಮ್ಮ ಓಣಿಯ ಪ್ರತಿ ಮನೆಯಲ್ಲೂ ಉಪ್ಪಿಟ್ಟು. ಮಧ್ಯಾಹ್ನಕ್ಕೆ ಇಬ್ಬರೂ ಕಟ್ಟೆಯ ಮೇಲೆ ಕೂತಿದ್ದರು, ಮತ್ತು ಇಬ್ಬರೂ ಸೇರಿ ನನ್ನನ್ನು ಕರೆದರು. ನಾನು ಯಾರಿಗೆ ಏನು ಹೇಳಿದ್ದೆ ಎಂಬುದನ್ನು ಒಬ್ಬರಿಗೊಬ್ಬರು ಹೇಳಿಕೊಂಡಾಗಿತ್ತು.

"ಬಾರವ್ವಾ ಮಾಸ್ಟರ್," ಅಂದರು ಅತ್ತೆ. "ಯಾರಿಂದ ಕಲತಿ ಇದನ್ನೆಲ್ಲ?"

"ನಿಮ್ಮ ಕಡಿಂದಽರಿ," ಎಂದು ಹೇಳಿ ಒಳಗೆ ಓಡಿದೆ.

ಈ ಸಲ ಗುರುತನ್ನು ನಾನೂ ನನ್ನ ಸಹಪಾಠಿ ಒಬ್ಬಳೂ ಬೇರೆ ಬೇರೆ ಕೂತು, ಒಂದೊಂದೇ ತುಣುಕು ಕೇಳಿ ಹಾಕಿದೆವು. ಕೈಗೆ ನೋವು ಬರುವಷ್ಟು ಕೆಲಸ. ಹೊಸ ಯಂತ್ರ ಎಮ್ಮೆಗೆ ಮೋಸಹೋಗಲಿಲ್ಲ, ಫ್ಯಾನಿಗೂ ಹೋಗಲಿಲ್ಲ. ಆದರೆ ಮನುಷ್ಯರ ಮಾತಿಗೆ ಆಗಾಗ ತಪ್ಪಿತು. ಗಿರಣಿಯ ಜಗಳದ ಮುಂದಂತೂ ಪೂರ್ತಿ ಕೈಚೆಲ್ಲಿತು. ನಾವು ಗುರುತು ಹಾಕಿದವರೂ ಅಲ್ಲಿ ಕೈಚೆಲ್ಲಿದ್ದೆವು. ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಬರೆದೆ. ಸರ್ ಓದಿ, "ಮಾರ್ಕ ಕಡಿಮಿ ಬೀಳಬಹುದು ವೈನಿ," ಅಂದರು. "ಆದ್ರ ಓದಾಕ ಭಾರಿ ಮಜಾ ಐತಿ."

ಅಂತಿಮ ಪರೀಕ್ಷೆಗೆ ಬಂದ ಪರೀಕ್ಷಕರು ಬೇರೆಯವರು. ನಾನು ಎಮ್ಮೆಯ ಪ್ರಶ್ನೆಗೆ, ಫ್ಯಾನಿನ ಪ್ರಶ್ನೆಗೆ, ಗಡಿಯ ಪ್ರಶ್ನೆಗೆ ಉತ್ತರ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಅವರು ರಿಪೋರ್ಟಿನ ಪುಟ ತಿರುವಿ, ಎಡಗಡೆಯ ಮಾರ್ಜಿನ್ ಯಾಕೆ ಇಷ್ಟು ಕಡಿಮೆ ಬಿಟ್ಟಿದ್ದೀರಿ ಎಂದು ಕೇಳಿದರು. ಬೈಂಡಿಂಗ್ ಅಂಗಡಿಯವರು ಹಾಗೆ ಮಾಡಿದರು ಎಂದೆ. ಚಿತ್ರಗಳ ಕೆಳಗೆ ನಂಬರು ಹಾಕಬೇಕು ಎಂದರು. ಹಾಕುತ್ತೇನೆ ಎಂದೆ. ಮುಗಿಯಿತು.

ಫಲಿತಾಂಶ ಬಂದ ದಿನ ನಾನು ಬಸ್ಸಿನಲ್ಲಿದ್ದೆ, ಕಾಲೇಜಿನ ಲೈಬ್ರರಿಗೆ ಪುಸ್ತಕ ಮರಳಿಸಿ ಬರುತ್ತಿದ್ದೆ. ಎಕ್ಸಂಬಾ ದಾಟುವಾಗ ಸಹಪಾಠಿಯ ಮೆಸೇಜು ಬಂದಿತು: ರಿಜಲ್ಟ್ ಬಿಟ್ಟಾರ, ನೋಡ್ರಿ ವೈನಿ. ನೋಡಬೇಕೆಂದರೆ ನೆಟ್‌ವರ್ಕು ಹೋಯಿತು. ಪರದೆಯ ಮೇಲೆ ಒಂದು ಚಕ್ರ ತಿರುಗುತ್ತಲೇ ಇತ್ತು. ಪಕ್ಕದ ಸೀಟಿನ ಅಜ್ಜಿ ಕೂಡ ಫೋನಿನೊಳಗೆ ಬಾಗಿ ಕಾಯತೊಡಗಿದರು, ಏನಕ್ಕೆ ಎಂದು ಕೇಳಲೂ ಇಲ್ಲ. ನಮ್ಮ ಹೊಲದ ತಿರುವು ಬಂದಾಗ ಚಕ್ರ ನಿಂತಿತು. ಫಸ್ಟ್ ಕ್ಲಾ‌ಸು. "ಛಲೋ ಆತಿಲ್ಲೋ?" ಅಂದರು ಅಜ್ಜಿ. ಹೂಂ ಎಂದು ಹೇಳಿ, ಊರಿನವರೆಗೂ ಕೂಡಲಾಗದೆ, ಅಲ್ಲೇ ಬಸ್ಸು ನಿಲ್ಲಿಸಿ ಇಳಿದೆ.

ಗಂಡ ಕಬ್ಬಿನ ಆ ತುದಿಯಲ್ಲಿ ನೀರು ಕಟ್ಟುತ್ತಿದ್ದ, ಮೊಣಕಾಲವರೆಗೆ ಕೆಸರು. ಈ ತುದಿಯಿಂದಲೇ ಕೂಗಿದೆ.

"ರಿಜಲ್ಟ್ ಬಂತು!"

"ಪಾಸಾ?"

"ಫಸ್ಟ್ ಕ್ಲಾಸ್!"

ಅವನು ಸಲಿಕೆ ಊರಿ ನಿಂತು ನನ್ನ ಕಡೆ ನೋಡಿದ. ಅಷ್ಟು ದೂರದಿಂದಲೂ ಹಲ್ಲು ಕಂಡವು. "ಭಾರಿ ಆತು!" ಎಂದು ಕೂಗಿದ. ಆಮೇಲೆ ಸ್ವಲ್ಪ ಯೋಚಿಸಿ, "ಹಂಗಾರ ಬರೂಮುಂದ ಆ ಮೋಟರ್ ಬಂದ್ ಮಾಡಿ ಬಾ, ನೀರ ಜಾಸ್ತಿ ಆಗಾಕತ್ತೈತಿ!"

ನಾನು ಹೊಸ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, ಸೀರೆ ಎತ್ತಿ ಕಟ್ಟಿ, ಬದುವಿನ ಮೇಲೆ ಪಂಪಿನ ಮನೆಯ ಕಡೆ ನಡೆದೆ.